'ಗೋ' ಜೊತೆ ಮೋಡಲ್ ಮತ್ತು ಪ್ರಿಪೊಸಿಷನ್: ಪದೇ ಪದೇ ಕೇಳುವ ಪ್ರಶ್ನೆಗಳು

'ಶುಡ್', 'ಮಸ್ಟ್', 'ಕುಡ್' ಎಂಬ ಮೋಡಲ್‌ಗಳು (ಬೇಕು, ಬಹುದು ಎಂಬಂಥ ಅರ್ಥ ಕೊಡುವ ಸಹಾಯಕ ಕ್ರಿಯಾಪದಗಳು) ಒಂದು ಕಡೆ, 'ಟು', 'ಥ್ರೂ', 'ವಿತ್' ಎಂಬ ಪ್ರಿಪೊಸಿಷನ್‌ಗಳು (ಕನ್ನಡದ 'ಗೆ', 'ಮೂಲಕ', 'ಜೊತೆ' ಥರದವು) ಇನ್ನೊಂದು ಕಡೆ, ನಡುವೆ ಒಂದು ಸಾದಾ ಕ್ರಿಯಾಪದ. ಇಂಗ್ಲಿಷ್ ಬರೆಯುವಾಗ ಎಡವುವುದು ಹೆಚ್ಚಾಗಿ ಈ ಮೂರೂ ಒಟ್ಟಿಗೆ ಬಂದಾಗ. ಇಲ್ಲಿನ ಉತ್ತರಗಳಿಗೆಲ್ಲ 'ಗೋ' ಎಂಬ ಒಂದೇ ಕ್ರಿಯಾಪದ ಇಟ್ಟುಕೊಂಡಿದ್ದೇವೆ. ಅದರ ಮೂರು ರೂಪಗಳು, ಅಂದರೆ 'ಗೋ', 'ವೆಂಟ್', 'ಗಾನ್', ಒಂದಕ್ಕಿಂತ ಒಂದು ಬೇರೆ. ಹಾಗಾಗಿ ತಪ್ಪು ಎಲ್ಲಾಯಿತು ಅನ್ನುವುದು ತಕ್ಷಣ ಕಣ್ಣಿಗೆ ಬೀಳುತ್ತದೆ. 'ಲುಕ್' ಅಥವಾ 'ವಾಕ್' ತೆಗೆದುಕೊಂಡರೆ ಎರಡನೇ ರೂಪವೂ ಮೂರನೇ ರೂಪವೂ ಒಂದೇ ಆಗಿ ಎಷ್ಟೋ ತಪ್ಪುಗಳು ಮುಚ್ಚಿಹೋಗುತ್ತವೆ.

ಪ್ರಶ್ನೆ: ಮೋಡಲ್ ಅಂದರೆ ಯಾವ ಯಾವ ಪದಗಳು?

ಅಪ್ಪಟ ಮೋಡಲ್‌ಗಳು 9: ಕ್ಯಾನ್, ಕುಡ್, ಮೇ, ಮೈಟ್, ವಿಲ್, ವುಡ್, ಶಾಲ್, ಶುಡ್, ಮಸ್ಟ್. ಇವುಗಳ ಪಕ್ಕದಲ್ಲೇ ಓಡಾಡುವ ಅರೆ-ಮೋಡಲ್‌ಗಳು 'ಆಟ್ ಟು', 'ಹ್ಯಾವ್ ಟು', 'ನೀಡ್', 'ಯೂಸ್ಡ್ ಟು', 'ಹ್ಯಾಡ್ ಬೆಟರ್', 'ಬಿ ಏಬಲ್ ಟು'. 'ಶಾಲ್' ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. 'ಶಾಲ್ ವಿ ಗೋ?' ಎಂಬಂಥ ಪ್ರಶ್ನೆ ಮತ್ತು ಒಪ್ಪಂದ ಪತ್ರಗಳ ಭಾಷೆ ಬಿಟ್ಟರೆ ದಿನಬಳಕೆಯಲ್ಲಿ ಅದಕ್ಕೆ ಕೆಲಸ ಕಡಿಮೆ.

ಪ್ರಶ್ನೆ: ಮೋಡಲ್ ಬದಲಾದರೆ ಪ್ರಿಪೊಸಿಷನ್ ಕೂಡ ಬದಲಾಗುತ್ತದೆಯೇ?

ಇಲ್ಲ. ಮೋಡಲ್‌ನ ಹಿಡಿತ ಇರುವುದು ಅದರ ಮುಂದಿನ ಕ್ರಿಯಾಪದದ ರೂಪದ ಮೇಲೆ. ಪ್ರಿಪೊಸಿಷನ್‌ನ ಆಯ್ಕೆ ಮಾಡುವುದು ಆ ಕ್ರಿಯಾಪದ ಮತ್ತು ನೀವು ಹೇಳಬೇಕೆಂದಿರುವ ಅರ್ಥ. ಮೋಡಲ್‌ಗೂ ಪ್ರಿಪೊಸಿಷನ್‌ಗೂ ನೇರ ಮಾತುಕತೆಯೇ ಇಲ್ಲ. 'ಗೋ ಥ್ರೂ ದಿ ಫೈಲ್' ಅಂದರೆ ಫೈಲನ್ನು ಮೊದಲಿಂದ ಕೊನೆಯವರೆಗೆ ಓದಿ ನೋಡುವುದು. 'ಯು ಮಸ್ಟ್ ಗೋ ಥ್ರೂ ದಿ ಫೈಲ್', 'ಯು ಮೈಟ್ ಹ್ಯಾವ್ ಗಾನ್ ಥ್ರೂ ದಿ ಫೈಲ್', 'ಯು ನೀಡ್ ನಾಟ್ ಗೋ ಥ್ರೂ ದಿ ಫೈಲ್': ಎಡಭಾಗ ಏನೇ ಆಗಲಿ, 'ಥ್ರೂ' ಅಲ್ಲಾಡುವುದಿಲ್ಲ.

ಆದ್ದರಿಂದ ವಾಕ್ಯವನ್ನು ತಿದ್ದುವಾಗ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಿ. ಮೋಡಲ್ ಆದಮೇಲೆ ಕ್ರಿಯಾಪದದ ರೂಪ ಸರಿಯಿದೆಯೇ? ಈ ಅರ್ಥಕ್ಕೆ 'ಗೋ' ಯಾವ ಪ್ರಿಪೊಸಿಷನ್ ಕೇಳುತ್ತದೆ? ಎರಡನ್ನೂ ಒಂದೇ ಏಟಿಗೆ ಬಗೆಹರಿಸಲು ಹೋದರೆ ಒಂದು ಸರಿಯಾಗಿ ಇನ್ನೊಂದು ಕೆಡುತ್ತದೆ.

ಪ್ರಶ್ನೆ: 'ಹಿ ಕ್ಯಾನ್ ಗೋಸ್', 'ಶಿ ಮಸ್ಟ್ ಟು ಗೋ' ಏಕೆ ತಪ್ಪು?

ಅಪ್ಪಟ ಮೋಡಲ್ ಆದಮೇಲೆ ಬರುವುದು ಮೂಲರೂಪ ಮಾತ್ರ. 'ಹಿ' ಇದ್ದರೂ 'ಶಿ' ಇದ್ದರೂ 'ಗೋ' ಗೋ ಆಗಿಯೇ ಉಳಿಯುತ್ತದೆ. ನಡುವೆ 'ಟು' ನುಸುಳುವಂತಿಲ್ಲ. 'ಕುಡ್ ವೆಂಟ್' ಅನ್ನುವಂತಿಲ್ಲ. ಕಾಲದ ಭಾರವನ್ನು ಆಗಲೇ ಮೋಡಲ್ ಹೊತ್ತಿದೆ, ಮತ್ತೆ ಕ್ರಿಯಾಪದಕ್ಕೆ ಹೊರಿಸುವ ಅಗತ್ಯವಿಲ್ಲ. ನಿರಾಕರಣೆಗೂ 'ಡು', 'ಡಿಡ್' ಬೇಡ. 'ಡಿಡ್ ನಾಟ್ ಕುಡ್ ಗೋ' ಅಲ್ಲ, 'ಕುಡ್ ನಾಟ್ ಗೋ'.

ಪ್ರಶ್ನೆ: ಹಾಗಾದರೆ 'ಐ ಹ್ಯಾವ್ ಟು ಗೋ ಟು ದಿ ಬ್ಯಾಂಕ್' ವಾಕ್ಯದಲ್ಲಿ ಎರಡು 'ಟು' ಹೇಗೆ?

ಎರಡೂ ಬೇರೆ ಬೇರೆ. ಮೊದಲನೆಯದು 'ಹ್ಯಾವ್ ಟು' ಎಂಬ ಅರೆ-ಮೋಡಲ್‌ನದೇ ತುಂಡು. ಎರಡನೆಯದು 'ಬ್ಯಾಂಕ್‌ಗೆ' ಎಂಬುದರ 'ಗೆ'. 'ಹ್ಯಾವ್ ಟು' ತೆಗೆದು 'ಮಸ್ಟ್' ಹಾಕಿ: 'ಐ ಮಸ್ಟ್ ಗೋ ಟು ದಿ ಬ್ಯಾಂಕ್'. ಮೊದಲ 'ಟು' ಹೋಯಿತು, ಎರಡನೆಯದು ಉಳಿಯಿತು. ಯಾವ 'ಟು' ಯಾರದ್ದು ಎಂದು ಗೊತ್ತಾಗದಿದ್ದಾಗಲೆಲ್ಲ ಈ ಪರೀಕ್ಷೆ ಮಾಡಬಹುದು.

'ಆಟ್ ಟು ಗೋ' ಕೂಡ 'ಟು' ಇಟ್ಟುಕೊಳ್ಳುತ್ತದೆ. ನಿರಾಕರಿಸುವಾಗ 'ಆಟ್ ನಾಟ್ ಟು ಗೋ'. 'ಹ್ಯಾಡ್ ಬೆಟರ್' ಮಾತ್ರ ಇವುಗಳ ಸಾಲಿಗೆ ಸೇರದು: 'ಯು ಹ್ಯಾಡ್ ಬೆಟರ್ ಗೋ', 'ಯು ಹ್ಯಾಡ್ ಬೆಟರ್ ನಾಟ್ ಗೋ'. 'ಹ್ಯಾಡ್' ಇದೆಯೆಂದು ಇದನ್ನು ಭೂತಕಾಲ ಅಂದುಕೊಳ್ಳಬೇಡಿ. 'ಈಗ ಹೋಗುವುದೇ ಒಳ್ಳೆಯದು, ಇಲ್ಲದಿದ್ದರೆ ತೊಂದರೆ' ಎಂಬ ಎಚ್ಚರಿಕೆ ಅದರಲ್ಲಿದೆ. ಹಿರಿಯರಿಗೆ, ಮೇಲಧಿಕಾರಿಗಳಿಗೆ ಬಳಸಿದರೆ ಬೆದರಿಕೆಯಂತೆ ಕೇಳಿಸಬಹುದು. ಅಲ್ಲಿ 'ಶುಡ್' ಅಥವಾ 'ಮೈಟ್ ವಾಂಟ್ ಟು' ಮೇಲು.

ಪ್ರಶ್ನೆ: ಕನ್ನಡದ 'ಹೋಗಬಹುದು'ಗೆ ಯಾವ ಮೋಡಲ್ ಹಾಕಬೇಕು?

ಕನ್ನಡದ ಒಂದು 'ಬಹುದು' ಇಂಗ್ಲಿಷಿನ ನಾಲ್ಕು ಮೋಡಲ್‌ಗಳ ಕೆಲಸ ಮಾಡುತ್ತದೆ. ಏನು ಹೇಳುತ್ತಿದ್ದೀರಿ ಎಂಬುದರ ಮೇಲೆ ಆಯ್ಕೆ ಮಾಡಿ.

ಅನುಮತಿ ಕೊಡುವಾಗ 'ಕ್ಯಾನ್', ಔಪಚಾರಿಕವಾಗಿ 'ಮೇ': 'ಯು ಕ್ಯಾನ್ ಗೋ ಇನ್‌ಟು ದಿ ಹಾಲ್ ನೌ'. ದಾರಿ ಇದೆ, ಸೌಕರ್ಯ ಇದೆ ಅನ್ನುವುದಕ್ಕೂ 'ಕ್ಯಾನ್': 'ಯು ಕ್ಯಾನ್ ಗೋ ಬೈ ಟ್ರೇನ್'. ಊಹೆಗೆ 'ಮೇ' ಅಥವಾ 'ಮೈಟ್': 'ದೇ ಮೈಟ್ ಗೋ ವಿತ್ ದಿ ಸೆಕೆಂಡ್ ಪ್ಲಾನ್', ಎರಡನೇ ಯೋಜನೆಯನ್ನೇ ಆರಿಸಿಕೊಂಡರೂ ಆರಿಸಿಕೊಳ್ಳಬಹುದು. ಸಲಹೆಯನ್ನು ಮೆಲ್ಲಗೆ ಮುಂದಿಡಲು 'ಕುಡ್': 'ವಿ ಕುಡ್ ಗೋ ಓವರ್ ಇಟ್ ಟುಮಾರೋ'.

'ಕುಡ್' ಕಂಡಲ್ಲೆಲ್ಲ 'ಕ್ಯಾನ್'ನ ಭೂತಕಾಲ ಎಂದು ಓದುವುದು ದೊಡ್ಡ ಗೊಂದಲಕ್ಕೆ ಕಾರಣ. ಒಂದು ಸಲ ನಡೆದ, ಸಾಧ್ಯವಾದ ಕೆಲಸಕ್ಕೆ 'ಕುಡ್' ಸಾಲದು. 'ಮಳೆ ನಿಂತಮೇಲೆ ಹೋಗಲು ಸಾಧ್ಯವಾಯಿತು' ಅನ್ನಲು 'ವಾಸ್ ಏಬಲ್ ಟು ಗೋ' ಬೇಕು. ಸಾಧ್ಯವಾಗಲಿಲ್ಲ ಅನ್ನಲು 'ಕುಡ್ ನಾಟ್ ಗೋ' ಧಾರಾಳವಾಗಿ ನಡೆಯುತ್ತದೆ.

ಪ್ರಶ್ನೆ: ಹೋಗಬೇಕಿತ್ತು, ಹೋಗಬೇಕಾಯಿತು, ಹೋಗಿರಬೇಕು, ಹೋಗಬಹುದಿತ್ತು, ಹೋಗಿರಬಹುದು. ಇವನ್ನೆಲ್ಲ ಇಂಗ್ಲಿಷಿಗೆ ತರುವುದು ಹೇಗೆ?

ಅತಿ ಹೆಚ್ಚು ತಪ್ಪು ಆಗುವುದು ಇಲ್ಲೇ, ಅದಕ್ಕೇ ಒಂದೊಂದಾಗಿ ನೋಡೋಣ. 'ಹೋಗಬೇಕಾಯಿತು' ಒಂದನ್ನು ಬಿಟ್ಟರೆ ಕಟ್ಟುವ ಕ್ರಮ ಒಂದೇ: ಮೋಡಲ್, ಆಮೇಲೆ 'ಹ್ಯಾವ್', ಆಮೇಲೆ ಮೂರನೇ ರೂಪ 'ಗಾನ್', ಕೊನೆಗೆ ಪ್ರಿಪೊಸಿಷನ್. 'ಹ್ಯಾವ್' ಯಾವತ್ತೂ 'ಹ್ಯಾಸ್' ಆಗದು, 'ಹ್ಯಾಡ್' ಆಗದು. ಮೋಡಲ್‌ನ ಮುಂದೆ ನಿಂತಿರುವುದು ಅದೇ ತಾನೆ. 'ಶುಡ್ ಹ್ಯಾವ್ ವೆಂಟ್' ಮಾತಿನಲ್ಲಿ ಅಲ್ಲಲ್ಲಿ ಕಿವಿಗೆ ಬೀಳುತ್ತದೆ. ಬರಹದಲ್ಲಿ ಅದು ತಪ್ಪು.

'ನೀವು ನಿನ್ನೆಯೇ ಡಾಕ್ಟರ ಹತ್ತಿರ ಹೋಗಬೇಕಿತ್ತು' ಅಂದರೆ ಹೋಗಲಿಲ್ಲ, ಅದು ತಪ್ಪಾಯಿತು ಎಂದರ್ಥ. 'ಯು ಶುಡ್ ಹ್ಯಾವ್ ಗಾನ್ ಟು ದಿ ಡಾಕ್ಟರ್ ಯೆಸ್ಟರ್‌ಡೇ'.

'ಹೋಗಬೇಕಾಯಿತು' ಅಂದರೆ ಬೇರೆ ದಾರಿಯಿಲ್ಲದೆ ಹೋದೆವು. ಇಲ್ಲಿ 'ಹ್ಯಾಡ್ ಟು ಗೋ'. ಇದಕ್ಕೆ 'ಮಸ್ಟ್ ಹ್ಯಾವ್ ಗಾನ್' ಬರೆದರೆ ಅರ್ಥ ಪೂರ್ತಿ ಬೇರೆಯಾಗುತ್ತದೆ. ಆ ರೂಪ 'ಹೋಗಿರಬೇಕು' ಎಂಬ ಖಚಿತ ಊಹೆಗೆ ಮೀಸಲು: ಚಪ್ಪಲಿ ಇಲ್ಲ, ಬಾಗಿಲಿಗೆ ಬೀಗ ಬಿದ್ದಿದೆ, 'ಶಿ ಮಸ್ಟ್ ಹ್ಯಾವ್ ಗಾನ್ ಔಟ್'.

'ಹೋಗಬಹುದಿತ್ತು' ಅಂದರೆ ಅವಕಾಶವಿತ್ತು, ಬಳಸಿಕೊಳ್ಳಲಿಲ್ಲ: 'ಕುಡ್ ಹ್ಯಾವ್ ಗಾನ್'. 'ಹೋಗಿರಬಹುದು' ಅಂದರೆ ಹೋದರೋ ಇಲ್ಲವೋ ಗೊತ್ತಿಲ್ಲ: 'ಮೇ ಹ್ಯಾವ್ ಗಾನ್', 'ಮೈಟ್ ಹ್ಯಾವ್ ಗಾನ್'. 'ಹೋಗಿರಲಿಕ್ಕಿಲ್ಲ, ಸಾಧ್ಯವೇ ಇಲ್ಲ' ಅನ್ನಲು ಬ್ರಿಟಿಷ್ ರೂಢಿಯಲ್ಲಿ 'ಕಾಂಟ್ ಹ್ಯಾವ್ ಗಾನ್'. ಅಮೆರಿಕದವರು 'ಮಸ್ಟ್ ನಾಟ್ ಹ್ಯಾವ್ ಗಾನ್' ಎಂದೂ ಅನ್ನುತ್ತಾರೆ.

ಒಂದು ಸೂಕ್ಷ್ಮವನ್ನು ಗಮನಿಸಿ. 'ನಾನು ಹೋಗಬೇಕಿತ್ತು' ಎಂಬುದಕ್ಕೂ 'ನನಗೆ ಹೋಗಬೇಕಿತ್ತು' ಎಂಬುದಕ್ಕೂ ವ್ಯತ್ಯಾಸವಿದೆ. 'ನನಗೆ' ಬಂದಾಗ ಹೆಚ್ಚಾಗಿ ಅದು ಆಸೆ, 'ಐ ವಾಂಟೆಡ್ ಟು ಗೋ'. ಅಲ್ಲಿ 'ಶುಡ್' ತಂದರೆ ಆಸೆ ಹೋಗಿ ಪಶ್ಚಾತ್ತಾಪ ಬಂದು ಕೂರುತ್ತದೆ.

ಪ್ರಶ್ನೆ: 'ಮಸ್ಟ್ ಹ್ಯಾವ್ ಗಾನ್ ಟು' ಮತ್ತು 'ಮಸ್ಟ್ ಹ್ಯಾವ್ ಬೀನ್ ಟು' ಎರಡೂ ಸರಿಯೇ?

ಸರಿ, ಆದರೆ ಮಾತು ಬೇರೆ. 'ಗಾನ್ ಟು' ಅಂದರೆ ಹೋಗಿದ್ದಾರೆ, ಇನ್ನೂ ಬಂದಿಲ್ಲ. 'ಬೀನ್ ಟು' ಅಂದರೆ ಹೋಗಿ ಬಂದಿದ್ದಾರೆ. ಮೇಜಿನ ಮೇಲೆ ಹೊಸ ಚೆಕ್‌ಬುಕ್ ಇದ್ದು, ತಂದವರು ಪಕ್ಕದಲ್ಲೇ ಕೂತಿದ್ದರೆ 'ಯು ಮಸ್ಟ್ ಹ್ಯಾವ್ ಬೀನ್ ಟು ದಿ ಬ್ಯಾಂಕ್' ಅನ್ನಬೇಕು. ಎದುರಿಗೇ ಕೂತವರಿಗೆ 'ಗಾನ್' ಅನ್ನಲಾಗದು.

ಪ್ರಶ್ನೆ: 'ಮಸ್ಟ್ ನಾಟ್ ಗೋ' ಮತ್ತು 'ನೀಡ್ ನಾಟ್ ಗೋ' ಒಂದೇ ಅಲ್ಲವೇ?

ಖಂಡಿತ ಅಲ್ಲ. ಮೊದಲನೆಯದು 'ಹೋಗಬಾರದು', ಎರಡನೆಯದು 'ಹೋಗಬೇಕಾಗಿಲ್ಲ, ಹೋದರೂ ಅಡ್ಡಿಯಿಲ್ಲ'. 'ಮಸ್ಟ್' ಮತ್ತು 'ಹ್ಯಾವ್ ಟು' ಹೌದು ಅನ್ನುವಾಗ ಹತ್ತಿರ ಹತ್ತಿರ ಇರುತ್ತವೆ, ಇಲ್ಲ ಅನ್ನುವಾಗ ಎರಡು ದಿಕ್ಕಿಗೆ ಹೋಗುತ್ತವೆ. 'ಯು ಡೋಂಟ್ ಹ್ಯಾವ್ ಟು ಗೋ ಇನ್‌ಟು ದಟ್ ರೂಮ್' ಎಂದು ಫಲಕ ಬರೆದರೆ ಯಾರೂ ಹೊರಗೆ ನಿಲ್ಲಬೇಕಾಗಿಲ್ಲ. ಸುರಕ್ಷತಾ ಸೂಚನೆಗಳನ್ನು ಬರೆಯುವವರು ಇದನ್ನು ಎರಡೆರಡು ಸಲ ನೋಡಬೇಕು.

'ನೀಡ್ ನಾಟ್ ಗೋ' ಅಥವಾ 'ಡೋಂಟ್ ನೀಡ್ ಟು ಗೋ' ಅನ್ನಿ. ಎರಡನ್ನೂ ಬೆರೆಸಿ 'ನೀಡ್ ನಾಟ್ ಟು ಗೋ' ಅನ್ನಬೇಡಿ. ಭೂತಕಾಲದಲ್ಲಿ ಮತ್ತೊಂದು ಕವಲು: 'ನೀಡಂಟ್ ಹ್ಯಾವ್ ಗಾನ್' ಅಂದರೆ ಹೋದೆವು, ಹೋಗಿದ್ದು ದಂಡ. 'ಡಿಡಂಟ್ ನೀಡ್ ಟು ಗೋ' ಅಂದರೆ ಹೋಗುವ ಅಗತ್ಯವಿರಲಿಲ್ಲ. ಹೋದರೋ ಬಿಟ್ಟರೋ ವಾಕ್ಯ ಹೇಳುವುದಿಲ್ಲ.

ಪ್ರಶ್ನೆ: 'ಹೋಗು' ಅಂದಾಗಲೆಲ್ಲ 'ಗೋ ಟು' ಹಾಕಬಹುದೇ?

ಆಗದು. ಕನ್ನಡದಲ್ಲಿ ಮನೆಗೆ, ಅಲ್ಲಿಗೆ, ವಿದೇಶಕ್ಕೆ, ಮಹಡಿಗೆ ಎಲ್ಲದಕ್ಕೂ 'ಗೆ', 'ಕ್ಕೆ' ಬರುತ್ತದೆ. ಇಂಗ್ಲಿಷಿನಲ್ಲಿ 'ಹೋಮ್', 'ದೇರ್', 'ಹಿಯರ್', 'ಅಬ್ರಾಡ್', 'ಅಪ್‌ಸ್ಟೇರ್ಸ್' ಮುಂತಾದವು ದಿಕ್ಕನ್ನು ತಮ್ಮೊಳಗೇ ಇಟ್ಟುಕೊಂಡಿವೆ. 'ಐ ಶುಡ್ ಗೋ ಹೋಮ್', 'ದೇ ಮೈಟ್ ಗೋ ಅಬ್ರಾಡ್'. ಆದರೆ 'ಹೋಮ್' ಹಿಂದೆ ಯಾರದೆಂಬ ಪದ ಬಂದರೆ 'ಟು' ಸಾಮಾನ್ಯವಾಗಿ ವಾಪಸ್ ಬರುತ್ತದೆ: 'ವಿ ಕುಡ್ ಗೋ ಟು ಹರ್ ಹೋಮ್'.

'ಇಂಗ್' ಹೊತ್ತ ಚಟುವಟಿಕೆಗಳಿಗೂ 'ಟು' ಬೇಡ: 'ಕ್ಯಾನ್ ಗೋ ಸ್ವಿಮ್ಮಿಂಗ್', 'ಮೈಟ್ ಗೋ ಶಾಪಿಂಗ್'. ವಾಯುವಿಹಾರಕ್ಕೆ 'ಗೋ ಫಾರ್ ಎ ವಾಕ್', ಪ್ರವಾಸಕ್ಕೆ 'ಗೋ ಆನ್ ಎ ಟ್ರಿಪ್', ರಜೆಯ ಮೇಲೆ ಹೋಗುವುದಕ್ಕೆ 'ಗೋ ಆನ್ ಲೀವ್'. ವಾಹನಕ್ಕೆ 'ಬೈ', ಆದರೆ ನಡುವೆ 'ಎ', 'ದಿ' ಇರಬಾರದು: 'ಕ್ಯಾನ್ ಗೋ ಬೈ ಬಸ್'. ಇಂಥದ್ದೇ ಬಸ್ ಎಂದಾದರೆ 'ಆನ್ ದಿ ಎಯ್ಟ್ ಓ'ಕ್ಲಾಕ್ ಬಸ್', ಕಾರಾದರೆ 'ಇನ್ ಹಿಸ್ ಕಾರ್'. 'ಗೋ ಬೈ ವಾಕ್' ಎಂಬುದು ಎಷ್ಟೇ ರೂಢಿಯಲ್ಲಿದ್ದರೂ ಶಿಷ್ಟ ಇಂಗ್ಲಿಷ್ ಅಲ್ಲ. 'ಗೋ ಆನ್ ಫುಟ್' ಅನ್ನಿ, ಅಥವಾ ಸುಮ್ಮನೆ 'ವಾಕ್'.

'ಗೋ ಇನ್‌ಟು ದಿ ರೂಮ್' ಸರಿ ಎಂದು 'ಎಂಟರ್ ಇನ್‌ಟು ದಿ ರೂಮ್' ಬರೆಯುವವರಿದ್ದಾರೆ. ಕೋಣೆಗೆ 'ಎಂಟರ್' ಒಂದೇ ಸಾಕು. 'ಎಂಟರ್ ಇನ್‌ಟು' ಒಪ್ಪಂದ, ಮಾತುಕತೆ ಇಂಥವಕ್ಕೆ.

ಪ್ರಶ್ನೆ: ಯಾವ ಪ್ರಿಪೊಸಿಷನ್ ಸೇರಿದರೆ 'ಗೋ' ಅರ್ಥ ಏನಾಗುತ್ತದೆ?

ಎಲ್ಲವನ್ನೂ ಒಂದೇ ದಿನ ಕಲಿಯುವುದು ಬೇಡ. ಬರಹದಲ್ಲಿ ಹೆಚ್ಚು ಕೈಗೆ ಸಿಗುವವು ಇವು.

'ಗೋ ಓವರ್': ಮತ್ತೊಮ್ಮೆ ಕಣ್ಣಾಡಿಸಿ ಪರಿಶೀಲಿಸುವುದು. 'ಕುಡ್ ವಿ ಗೋ ಓವರ್ ದಿ ಫಿಗರ್ಸ್?' ಸಭೆಗಳಲ್ಲಿ ಇದರಷ್ಟು ಉಪಯೋಗಕ್ಕೆ ಬರುವ ವಾಕ್ಯ ಕಡಿಮೆ.

'ಗೋ ಥ್ರೂ': ಪೂರ್ತಿ ಓದಿ ನೋಡುವುದು, ಜೊತೆಗೆ ಕಷ್ಟ ಅನುಭವಿಸುವುದು. 'ನೋ ಚೈಲ್ಡ್ ಶುಡ್ ಗೋ ಥ್ರೂ ದಟ್.' ಇದಕ್ಕೆ 'ವಿತ್' ಸೇರಿಸಿ 'ಗೋ ಥ್ರೂ ವಿತ್' ಅಂದರೆ ಒಪ್ಪಿಕೊಂಡ ಕೆಲಸವನ್ನು ಹಿಂಜರಿಕೆ ಇದ್ದರೂ ಮಾಡಿ ಮುಗಿಸುವುದು. ಬಹುಪಾಲು 'ಕಾಂಟ್', 'ಕುಡಂಟ್' ಜೊತೆಗೇ ಬರುತ್ತದೆ: 'ಐ ಕಾಂಟ್ ಗೋ ಥ್ರೂ ವಿತ್ ಇಟ್'. ಆ 'ವಿತ್' ಮರೆತರೆ 'ನನ್ನಿಂದ ತಡೆದುಕೊಳ್ಳಲಾಗದು' ಎಂಬ ಕಡೆಗೆ ವಾಕ್ಯ ವಾಲುತ್ತದೆ.

'ಗೋ ಇನ್‌ಟು': ಒಳಹೋಗುವುದು, ವಿವರಕ್ಕಿಳಿಯುವುದು. 'ಐ ವೋಂಟ್ ಗೋ ಇನ್‌ಟು ದಿ ಡೀಟೇಲ್ಸ್.'

'ಗೋ ವಿತ್': ಜೊತೆಗೆ ಹೋಗುವುದು, ಹೊಂದುವುದು, ಆರಿಸಿಕೊಳ್ಳುವುದು. 'ಗೋ ಫಾರ್' ಕೂಡ ಆಯ್ಕೆಗೆ ಬರುತ್ತದೆ. ಆದರೆ 'ದಿ ಡಾಗ್ ಮೈಟ್ ಗೋ ಫಾರ್ ಯು' ಅಂದರೆ ನಾಯಿ ಮೈಮೇಲೆ ಎರಗಬಹುದು ಎಂದು.

'ಗೋ ಬೈ': ಆಧಾರವಾಗಿಟ್ಟುಕೊಂಡು ತೀರ್ಮಾನಿಸುವುದು. 'ಯು ಕಾಂಟ್ ಗೋ ಬೈ ಹಿಸ್ ವರ್ಡ್ಸ್.' 'ಗೋ ಅಬೌಟ್': ಕೆಲಸಕ್ಕೆ ಕೈಹಾಕುವ ಬಗೆ. 'ಹೌ ಶುಡ್ ಐ ಗೋ ಅಬೌಟ್ ಇಟ್?' 'ಗೋ ವಿದೌಟ್': ಇಲ್ಲದೆ ನಿಭಾಯಿಸುವುದು. 'ಗೋ ಎಗೇನ್ಸ್ಟ್': ವಿರುದ್ಧ ಹೋಗುವುದು, ಕನ್ನಡದಂತೆಯೇ ಇದೆ, ತೊಂದರೆಯಿಲ್ಲ.

ಪ್ರಶ್ನೆ: 'ದಿ ಅಲಾರ್ಮ್ ವಿಲ್ ಗೋ ಆಫ್ ಅಟ್ ಸಿಕ್ಸ್' ಅಂದರೆ ಅಲಾರಂ ಆರು ಗಂಟೆಗೆ ನಿಂತುಹೋಗುತ್ತದೆಯೇ?

ಇಲ್ಲ, ಬಡಿದುಕೊಳ್ಳುತ್ತದೆ. ಸ್ವಿಚ್ಚಿನ 'ಆಫ್' ನೆನಪಲ್ಲಿರುವುದರಿಂದ ಈ ಗೊಂದಲ. ಅಲಾರಂ, ಸೈರನ್, ಬಂದೂಕು, ಬಾಂಬುಗಳಿಗೆ 'ಗೋ ಆಫ್' ಅಂದರೆ ಸದ್ದು ಮಾಡುವುದು, ಸಿಡಿಯುವುದು. ದೀಪ, ಹೀಟರ್ ಆದರೆ ಆರುವುದು, ನಿಲ್ಲುವುದು. ಹಾಲು 'ಗೋ ಆಫ್' ಆಯಿತು ಅಂದರೆ ಬ್ರಿಟಿಷ್ ಬಳಕೆಯಲ್ಲಿ ಕೆಟ್ಟಿತು. ಕರ್ತೃ ಯಾವುದು ಎಂದು ನೋಡದೆ ಅರ್ಥ ಹೇಳಲು ಬರುವುದಿಲ್ಲ.

ಪ್ರಶ್ನೆ: 'ಗೋ ಇಟ್ ಓವರ್' ಅನ್ನಬಹುದೇ?

ಬೇಡ. 'ಲುಕ್ ಇಟ್ ಅಪ್' ಕೇಳಿದ ಅಭ್ಯಾಸದಿಂದ ಹೀಗೆ ಬರೆಯುತ್ತಾರೆ. ಈ ಜೋಡಿಗಳಲ್ಲಿ ಕರ್ಮ ಯಾವಾಗಲೂ ಪ್ರಿಪೊಸಿಷನ್ ಆದಮೇಲೆ: 'ಗೋ ಓವರ್ ಇಟ್', 'ಗೋ ಥ್ರೂ ದೆಮ್'. ಒಡೆಯುವ ಪ್ರಶ್ನೆಯೇ ಇಲ್ಲ, 'ಗೋ' ಆರಿಸಿಕೊಂಡರೆ ಈ ಒಂದು ತಲೆನೋವು ತಪ್ಪಿತು.

ಪ್ರಶ್ನೆ: ಪ್ರಶ್ನೆ ಕೇಳುವಾಗ ಪ್ರಿಪೊಸಿಷನ್ ಎಲ್ಲಿ ನಿಲ್ಲಬೇಕು?

ಮೋಡಲ್ ಕರ್ತೃವಿಗಿಂತ ಮೊದಲಿನ ಜಾಗಕ್ಕೆ ಜಿಗಿಯುತ್ತದೆ, ಪ್ರಿಪೊಸಿಷನ್ ಕ್ರಿಯಾಪದದ ಹತ್ತಿರವೇ ಕೊನೆಯಲ್ಲಿ ಉಳಿಯುತ್ತದೆ: 'ವಿಚ್ ಫೈಲ್ಸ್ ಮಸ್ಟ್ ಐ ಗೋ ಥ್ರೂ?', 'ವಾಟ್ ಶುಡ್ ವಿ ಗೋ ವಿತ್?' ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಬಾರದೆಂಬ ಹಳೆಯ ಬುದ್ಧಿಮಾತನ್ನು ಇಲ್ಲಿ ಪಾಲಿಸಿ 'ವಿತ್ ವಾಟ್ ಶುಡ್ ವಿ ಗೋ?' ಅಂದರೆ 'ಏನನ್ನು ಹಿಡಿದುಕೊಂಡು ಹೋಗಬೇಕು?' ಎಂಬಂತೆ ಕೇಳುತ್ತದೆ. ಹೆಚ್ಚು ಆಗುವ ತಪ್ಪು ಇನ್ನೊಂದು, ಪ್ರಿಪೊಸಿಷನ್ ಬಿಟ್ಟೇ ಬಿಡುವುದು: 'ವಿಚ್ ಪ್ಲಾನ್ ಶುಡ್ ವಿ ಗೋ?' ಪ್ರಶ್ನೆಗೆ ಉತ್ತರ ಬರೆದು ನೋಡಿ. ಉತ್ತರದಲ್ಲಿ 'ಗೋ ವಿತ್ ಪ್ಲಾನ್ ಟೂ' ಎಂದಿದ್ದರೆ ಪ್ರಶ್ನೆಯಲ್ಲೂ 'ವಿತ್' ಇರಲೇಬೇಕು.

ಪ್ರಶ್ನೆ: ಕರ್ಮಣಿ ಪ್ರಯೋಗಕ್ಕೆ ಬರುತ್ತದೆಯೇ?

ಕೆಲವು ಜೋಡಿಗಳಿಗೆ ಮಾತ್ರ. 'ದಿ ಅಕೌಂಟ್ಸ್ ಮಸ್ಟ್ ಬಿ ಗಾನ್ ಥ್ರೂ ಅಗೇನ್' ಸರಿ; 'ಗಾನ್ ಓವರ್', 'ಗಾನ್ ಇನ್‌ಟು' ಕೂಡ ಸರಿ. ಕೊನೆಯ ಪ್ರಿಪೊಸಿಷನ್ ಕಳಚಿಹೋಗದಂತೆ ನೋಡಿಕೊಳ್ಳಿ. 'ದಿ ಬ್ಯಾಂಕ್ ಮಸ್ಟ್ ಬಿ ಗಾನ್ ಟು' ಎಂದು ಯಾರೂ ಅನ್ನುವುದಿಲ್ಲ.

ಪ್ರಶ್ನೆ: ಪ್ರಿಪೊಸಿಷನ್ ಆದಮೇಲೆ ಮತ್ತೊಂದು ಕ್ರಿಯಾಪದ ಬಂದರೆ?

ಅದಕ್ಕೆ 'ಇಂಗ್' ಹಚ್ಚಿ. ಮೋಡಲ್ ಆದಮೇಲೆ ಮೂಲರೂಪ, ಪ್ರಿಪೊಸಿಷನ್ ಆದಮೇಲೆ 'ಇಂಗ್' ರೂಪ; ಒಂದೇ ವಾಕ್ಯದಲ್ಲಿ ಎರಡೂ ನಿಯಮ ಬರುತ್ತವೆ: 'ಯು ಶುಡಂಟ್ ಗೋ ವಿದೌಟ್ ಈಟಿಂಗ್'. 'ಗೋ ಆನ್' ಜೊತೆ ಅರ್ಥವೇ ಬದಲಾಗುತ್ತದೆ. 'ಶಿ ಮೇ ಗೋ ಆನ್ ಸ್ಪೀಕಿಂಗ್' ಅಂದರೆ ಮಾತು ನಿಲ್ಲಿಸದೆ ಇರಬಹುದು. 'ಶಿ ಮೇ ಗೋ ಆನ್ ಟು ಸ್ಪೀಕ್' ಅಂದರೆ ಬೇರೇನೋ ಮುಗಿಸಿ ಆಮೇಲೆ ಮಾತಾಡಬಹುದು.

ಪ್ರಶ್ನೆ: 'ಐ ವಿಲ್ ಕ್ಯಾನ್ ಗೋ' ಅನ್ನಬಾರದಾದರೆ ಏನನ್ನಬೇಕು?

'ಐ ವಿಲ್ ಬಿ ಏಬಲ್ ಟು ಗೋ'. ಶಿಷ್ಟ ಇಂಗ್ಲಿಷಿನಲ್ಲಿ ಎರಡು ಅಪ್ಪಟ ಮೋಡಲ್ ಪಕ್ಕಪಕ್ಕ ನಿಲ್ಲುವುದಿಲ್ಲ. ಎರಡನೆಯದಕ್ಕೆ ಅರೆ-ಮೋಡಲ್ ಬಾಡಿಗೆ ಪಡೆಯಬೇಕು. 'ಮೇ ಮಸ್ಟ್' ಬದಲು 'ಮೇ ಹ್ಯಾವ್ ಟು'. ಅಮೆರಿಕದ ದಕ್ಷಿಣ ಭಾಗ ಮತ್ತು ಸ್ಕಾಟ್ಲೆಂಡಿನ ಆಡುಮಾತಿನಲ್ಲಿ 'ಮೈಟ್ ಕುಡ್' ಇದೆ; ಕೇಳಿದರೆ ಬೆಚ್ಚಬೇಡಿ, ಬರೆಯಲೂ ಬೇಡಿ.

ಪ್ರಶ್ನೆ: 'ಐ ವುಡ್ ಗೋ ಟು ದಿ ಮೀಟಿಂಗ್ ಟುಮಾರೋ' ಹೆಚ್ಚು ವಿನಯವಲ್ಲವೇ?

ವಿನಯವಲ್ಲ, ಅನುಮಾನ. ಓದಿದವರಿಗೆ 'ಹೋಗುತ್ತಿದ್ದೆ, ಆದರೆ...' ಎಂದು ಮುಂದೆ ಏನೋ ಬಾಕಿ ಇದ್ದಂತೆ ಕಾಣುತ್ತದೆ. ಖಚಿತವಾಗಿ ಹೋಗುವುದಾದರೆ 'ವಿಲ್ ಗೋ' ಅಥವಾ 'ಆಮ್ ಗೋಯಿಂಗ್'. 'ವುಡ್'ಗೆ ವಿನಯ ಬರುವುದು ಬೇರೆಯವರನ್ನು ಕೇಳುವಾಗ: 'ವುಡ್ ಯು ಗೋ ಥ್ರೂ ದಿಸ್ ಒನ್ಸ್?' ಹಳೆಯ ರೂಢಿ ಹೇಳಲೂ 'ವುಡ್ ಗೋ' ಬರುತ್ತದೆ, ಆದರೆ ಯಾವ ಕಾಲದ ಮಾತು ಎಂಬುದು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ 'ಯೂಸ್ಡ್ ಟು ಗೋ' ಕ್ಷೇಮ.

ಪ್ರಶ್ನೆ: ಬೇರೆಯವರ ಮಾತನ್ನು ವರದಿ ಮಾಡುವಾಗ?

ಕ್ಯಾನ್ ಇದ್ದದ್ದು ಕುಡ್, ವಿಲ್ ಇದ್ದದ್ದು ವುಡ್, ಮೇ ಇದ್ದದ್ದು ಮೈಟ್. ಕುಡ್, ವುಡ್, ಶುಡ್, ಮೈಟ್ ಇದ್ದಂತೆಯೇ ಇರುತ್ತವೆ. 'ಮಸ್ಟ್' ಹಾಗೇ ಬಿಡಬಹುದು, ಕಡ್ಡಾಯದ ಅರ್ಥವಿದ್ದರೆ 'ಹ್ಯಾಡ್ ಟು' ಮಾಡಬಹುದು. ಪ್ರಿಪೊಸಿಷನ್ ಮುಟ್ಟಬೇಡಿ.

ಪ್ರಶ್ನೆ: ಕೇಳುವಾಗ 'ಕ್ಯಾನ್ ಗೋ' ಮತ್ತು 'ಕಾಂಟ್ ಗೋ' ಒಂದೇ ಥರ ಕೇಳಿಸುತ್ತದೆ. ಏನು ಮಾಡಲಿ?

ಕೊನೆಯ 'ಟ್' ಹುಡುಕಬೇಡಿ, 'ಗೋ' ಮುಂದೆ ಅದು ಕಿವಿಗೆ ಬೀಳುವುದೇ ಕಷ್ಟ. ಒತ್ತು ಗಮನಿಸಿ. ಹೌದು ಅನ್ನುವಾಗ 'ಕ್ಯಾನ್' ಕುಗ್ಗಿ 'ಕನ್' ಆಗುತ್ತದೆ, ಒತ್ತು 'ಗೋ' ಮೇಲೆ ಬೀಳುತ್ತದೆ. ಇಲ್ಲ ಅನ್ನುವಾಗ ಮೋಡಲ್‌ಗೇ ಒತ್ತು, ಸ್ವರ ಪೂರ್ತಿ. ಅಮೆರಿಕದ ಉಚ್ಚಾರದಲ್ಲಿ ಅದು 'ಕ್ಯಾಂಟ್' ಆಗುವುದರಿಂದ ಗೊಂದಲ ಇನ್ನೂ ಹೆಚ್ಚು. ಅನುಮಾನ ಬಂದರೆ 'ಕ್ಯಾನ್ ಆರ್ ಕೆನಾಟ್?' ಎಂದು ಕೇಳಿಬಿಡುವುದರಲ್ಲಿ ಸಂಕೋಚವಿಲ್ಲ.

'ಶುಡ್ ಹ್ಯಾವ್ ಗಾನ್' ಮಾತಿನಲ್ಲಿ 'ಶುಡವ್ ಗಾನ್' ಆಗಿ ಬರುತ್ತದೆ. ಕೇಳಿದ್ದನ್ನೇ ಬರೆಯಲು ಹೋಗಿ 'ಹ್ಯಾವ್' ಜಾಗದಲ್ಲಿ 'ಎ ಕಪ್ ಆಫ್ ಟೀ'ಯ 'ಆಫ್' ಇಟ್ಟುಬಿಡುತ್ತಾರೆ. ಇಂಗ್ಲಿಷ್ ಮನೆಮಾತಾದವರೂ ಮಾಡುವ ತಪ್ಪು ಇದು, ಕಾಗುಣಿತ ತಿದ್ದುವ ತಂತ್ರಾಂಶವೂ ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಮೋಡಲ್ ಪಕ್ಕದಲ್ಲಿ ಆ 'ಆಫ್' ಕಂಡರೆ ಅಳಿಸಿ 'ಹ್ಯಾವ್' ಬರೆಯಿರಿ.

ಪ್ರಶ್ನೆ: ಅಭ್ಯಾಸಕ್ಕೆ ಸುಲಭದ ದಾರಿ ಇದೆಯೇ?

ಒಂದು ಜೋಡಿ ಹಿಡಿಯಿರಿ, ಉದಾಹರಣೆಗೆ 'ಗೋ ಓವರ್ ದಿ ಲಿಸ್ಟ್'. ಮೊದಲು ಅದಕ್ಕೆ 5 ಮೋಡಲ್ ಹಚ್ಚಿ: ಕ್ಯಾನ್, ಶುಡ್, ಮೈಟ್, ಮಸ್ಟ್, ನೀಡ್ ನಾಟ್. ಆಮೇಲೆ 'ಶುಡ್', 'ಮೈಟ್', 'ಮಸ್ಟ್' ಮೂರಕ್ಕೂ 'ಹ್ಯಾವ್ ಗಾನ್' ಸೇರಿಸಿ. ಪ್ರತಿ ವಾಕ್ಯದ ಪಕ್ಕ ಕನ್ನಡದಲ್ಲಿ ಅರ್ಥ ಬರೆಯಿರಿ. 'ಹೋಗು' ಎಂಬ ಪದ ಬಳಸದೆ ಬರೆಯಬೇಕು, ಏಕೆಂದರೆ ಇಲ್ಲಿ ಯಾರೂ ಎಲ್ಲಿಗೂ ಹೋಗುತ್ತಿಲ್ಲ. 'ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕಿತ್ತು', 'ನೋಡಿರಬೇಕು' ಹೀಗೆ. ಕನ್ನಡದ ಎರಡು ವಾಕ್ಯಗಳು ಒಂದೇ ಆಗಿಬಿಟ್ಟರೆ ಆ ಎರಡು ಮೋಡಲ್‌ಗಳ ವ್ಯತ್ಯಾಸ ಇನ್ನೂ ತಲೆಗೆ ಹತ್ತಿಲ್ಲ ಎಂದರ್ಥ. ಆ ಜೋಡಿಯನ್ನೇ ಮತ್ತೆ ಹಿಡಿಯಿರಿ. ಮುಂದಿನ ಪ್ರಿಪೊಸಿಷನ್ ಮಾರನೆಯ ದಿನಕ್ಕಿರಲಿ.